ಡಿಸ್ಕೋ ಇನ್ಫರ್ನೋ ‘ದಿ ಫೈವ್ ಇಪಿಸ್’ ಸಿಡಿ: ತಂತಿ ಮೀಟಿದ್ರೆ ಹಕ್ಕಿ ಕೂಗುತ್ತೆ

ಡಿಸ್ಕೋ ಇನ್ಫರ್ನೋ ಒಂದು ಬ್ಯಾಂಡ್, ಹೆಸ್ರು ನೋಡಿ ಡಾನ್ಸ್ ಮ್ಯೂಸಿಕ್ ಅನ್ಕೋಬೇಡಿ ಮಾರಾಯ್ರೆ, ಡಿಸ್ಕೋಗೂ ಇವ್ರಿಗೂ ಎಂತ ಸಂಬಂಧನೂ ಇಲ್ಲ. ಇಂಗ್ಲೆಂಡಿನ ಎಸೆಕ್ಸ್ ಕಡೆಯ ಮೂರು ಹುಡುಗ್ರು, ಗಿಟಾರ್ ಮತ್ತೆ ಹಾಡು ಇಯಾನ್ ಕ್ರೌಸ್, ಬೇಸ್ ಪಾಲ್ ವಿಲ್ಮಟ್, ಡ್ರಮ್ಸ್ ರಾಬ್ ವಾಟ್ಲಿ. 1992ರಿಂದ 1994ರ ತನಕ ಬಿಟ್ಟ ಐದು ಇಪಿಗಳ (ಇಪಿ ಅಂದ್ರೆ ಕೆಲವೇ ಹಾಡಿರೋ ಸಣ್ಣ ರೆಕಾರ್ಡ್) 15 ಹಾಡು ಒಟ್ಟು ಮಾಡಿ 2011ರಲ್ಲಿ ಬಂದಿದ್ದು ಈ ಸಿಡಿ. ಶಿವಮೊಗ್ಗದಲ್ಲಿ ಯಾವ ಅಂಗಡೀಲೂ ಸಿಗಲಿಲ್ಲ, ಹೊರಗಿಂದ ತರಿಸ್ಕೊಂಡೆ, ಕೊಟ್ಟ ದುಡ್ಡಿಗೆ ಒಂಚೂರೂ ಬೇಜಾರಿಲ್ಲ.

ಇವ್ರ ಸದ್ದಿನ ಗುಟ್ಟು ಸ್ಯಾಂಪ್ಲರ್. ಸ್ಯಾಂಪ್ಲರ್ ಅಂದ್ರೆ ಹೊರಗಿನ ಯಾವ್ದಾದ್ರೂ ಸದ್ದನ್ನ ಡಿಜಿಟಲ್ ಆಗಿ ಒಳಗೆ ಇಟ್ಕೊಂಡು ಬೇಕಾದಾಗ ಬೇಕಾದ ಸ್ವರದಲ್ಲಿ ಬಿಡೋ ಮೆಷಿನ್. 1979ರಲ್ಲಿ ಆಸ್ಟ್ರೇಲಿಯಾದ ಫೇರ್‌ಲೈಟ್ ಅನ್ನೋ ಸ್ಯಾಂಪ್ಲರ್ ಬಂದಾಗ ಅದರ ಬೆಲೆ ಕೇಳಿದ್ರೇ ಸಣ್ಣ ಬ್ಯಾಂಡ್‌ನವ್ರು ದೂರ ನಿಲ್ಬೇಕಿತ್ತು, ಆಮೇಲೆ ಅಗ್ಗದ ಮೆಷಿನ್‌ಗಳು ಬಂದ್ವು, 1983ರಲ್ಲಿ ಮಿಡಿ ಬಂತು (ಯಾವ ಸ್ವರ ನುಡಿಸ್ಬೇಕು ಅಂತ ಒಂದು ವಾದ್ಯ ಇನ್ನೊಂದು ಮೆಷಿನ್‌ಗೆ ಹೇಳೋ ವ್ಯವಸ್ಥೆ), ಆದ್ರೂ ಜಾಸ್ತಿ ಜನ ಕೀಬೋರ್ಡಲ್ಲೇ ನುಡಿಸ್ತಿದ್ರು. ಇವ್ರು ಗಿಟಾರನ್ನೇ ಮಿಡಿ ಮೂಲಕ ಸ್ಯಾಂಪ್ಲರ್‌ಗೆ ಕಟ್ಟಿದ್ರು. ಅಂದ್ರೆ ತಂತಿ ಮೀಟಿದ್ರೆ ಬರೋದು ತಂತಿ ಸದ್ದಲ್ಲ, ಹರಿಯೋ ನೀರೋ ಹಕ್ಕಿ ಕೂಗೋ. ಡ್ರಮ್ಸೂ ಹಂಗೇ, ಪ್ಯಾಡಿಗೆ ಹೊಡೆದ್ರೆ ಇನ್ನೆಂತದೋ ಸದ್ದು.

ಇದು ಹೇಳಿದಷ್ಟು ಸುಲಭ ಅಲ್ಲ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಅಲುಗುತ್ತೆ, ಒಂದು ಸುತ್ತಿಗೇ 12 ಮಿಲಿಸೆಕೆಂಡು, ಅದು ಯಾವ ಸ್ವರ ಅಂತ ಮೆಷಿನ್ ಗುರ್ತಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಸದ್ದು ಬೆರಳಿಗಿಂತ ಹಿಂದೆ ಬೀಳುತ್ತೆ, ಅಷ್ಟರಲ್ಲೂ ತಾಳ ಹಿಡ್ಕೊಂಡು ಮೂರು ಜನ ಒಟ್ಟಿಗೆ ನುಡಿಸ್ಬೇಕು.

‘ಸಮರ್ಸ್ ಲಾಸ್ಟ್ ಸೌಂಡ್’ ಕೇಳಿ ಮೊದಲು. ನಮ್ಮಲ್ಲಿ ಆಗುಂಬೆ ಮಳೆ ಸದ್ದು ಹಿಂದೆ ಹಾಕಿ ಮುಂದೆ ಕೊಳಲು ನುಡಿಸಿ ‘ನೇಚರ್ ಮ್ಯೂಸಿಕ್’ ಅಂತಾರಲ್ಲ, ಅದ್ರಲ್ಲಿ ಮಳೆ ಬರೀ ಪರದೆ, ತೆಗೆದ್ರೂ ಹಾಡಿಗೆ ಏನೂ ಆಗಲ್ಲ. ಇಲ್ಲಿ ಹಕ್ಕಿ, ನೀರು ತೆಗೆದ್ರೆ ಹಾಡೇ ಇಲ್ಲ, ಯಾಕಂದ್ರೆ ಅದನ್ನ ಬೆರಳು ನುಡಿಸ್ತಾ ಇದೆ, ಮೀಟಿನ ಜೋರು ಮೆಲು ಎಲ್ಲ ಅದರಲ್ಲೇ ಇದೆ. ನಂಗೆ ಈ ಬ್ಯಾಂಡ್ ಇಷ್ಟ ಆಗಿದ್ದೇ ಇದಕ್ಕೆ. ಮಲೆನಾಡಲ್ಲಿ ಬೆಳೆದವ್ರ ಕಿವಿಗೆ ಜೀರುಂಡೆ, ಹಳ್ಳ, ಹಂಚಿನ ಮೇಲಿನ ಮಳೆ ಎಲ್ಲ ಗೊತ್ತಿರೋದೇ, ಇಂಥ ಸದ್ದನ್ನ ವಾದ್ಯ ಮಾಡ್ಕೊಂಡು ನುಡಿಸ್ಬಹುದು ಅಂತ ನಮ್ಮೂರಿನ ಹುಡುಗ್ರು ಯಾರಾದ್ರೂ ಇದನ್ನ ಕೇಳಿ ಕೈ ಹಾಕ್ಬೇಕು ಅಂತ ನಿಜವಾಗ್ಲೂ ಆಸೆ.

ಕೊರತೆ ಅಂದ್ರೆ ಹಾಡೋ ಧ್ವನಿ ತುಂಬ ಒಳಗೆ ಹೋಗಿದೆ, ಸಾಹಿತ್ಯ ಅರ್ಧ ಕೇಳಲ್ಲ. ಜುಲೈ ಮಳೇಲಿ ಫೋನ್ ಸ್ಪೀಕರಲ್ಲಿ ಹಾಕಿದ್ರೆ ಅಂತೂ ಪೂರ್ತಿ ಮುಳುಗೋಗುತ್ತೆ, ಒಳ್ಳೆ ಹೆಡ್‌ಫೋನ್ ಬೇಕೇ ಬೇಕು. ‘ದಿ ಲಾಸ್ಟ್ ಡಾನ್ಸ್’ ಮಾತ್ರ ಸರಳ, ಗಿಟಾರ್ ಗಿಟಾರ್ ಥರಾನೇ ಕೇಳುತ್ತೆ, ಹೊಸಬ್ರಿಗೆ ಒಳ್ಳೇದು. ‘ಇಟ್ಸ್ ಎ ಕಿಡ್ಸ್ ವರ್ಲ್ಡ್’ನಲ್ಲಿ ಅಮೆರಿಕದ ರಾಕ್ ಹಾಡುಗಾರ ಇಗ್ಗಿ ಪಾಪ್ ಹಾಡಿನ ಡ್ರಮ್ಸನ್ನೇ ಎತ್ತಿ ಹಾಕಿದಾರೆ, ಕೇಳಿದ ತಕ್ಷಣ ಕಾಲು ಕುಣಿಯುತ್ತೆ.

1994ರ ಆಲ್ಬಂ ‘ಡಿ.ಐ. ಗೋ ಪಾಪ್’ ಇದಕ್ಕಿಂತ ಗಟ್ಟಿ, ಎಂಟೇ ಹಾಡು, ಆದ್ರೆ ಸದ್ದಿನ ಮೇಲೆ ಸದ್ದು ಬೀಳುತ್ತೆ, ಮೊದಲ ಸಲಕ್ಕೆ ತಲೆ ಗಿರ್ರನ್ನುತ್ತೆ. ಈ ಸಿಡಿ ರೂಢಿ ಆದ್ಮೇಲೆ ಅದಕ್ಕೆ ಹೋಗಿ.