ನೀಲಿ ಆರ್ಕಿಡ್ ಅಂತ ಯಾರಾದರೂ ತೋರಿಸಿದರೆ ದುಡ್ಡು ಬಿಚ್ಚಬೇಡಿ

ಇಂಕಿನ ಹಾಗೆ ಗಾಢ ನೀಲಿ ಬಣ್ಣದ ಫೆಲನಾಪ್ಸಿಸ್ ಅನ್ನೋ ಆರ್ಕಿಡ್ ಹೂವಿನ ಫೋಟೊ ನೋಡಿದ್ದೀರಾ? ಅದು ಬಿಳಿ ಹೂವು. ಬಣ್ಣ ಕುಡಿಸಿದ್ದು. ಇಷ್ಟು ಓದಿ ಹೋದರೂ ಸಾಕು. ಮುಂದಿನದು ನನ್ನ ಹೊಟ್ಟೆಯುರಿ.

ವಾಟ್ಸ್ಆಪ್‌ನಲ್ಲಿ ಗಿಡ ಮಾರುವವರ ರೀತಿ ಗೊತ್ತಲ್ಲ, ಮೊದಲು ದುಡ್ಡು ಹಾಕಬೇಕು, ಕೊರಿಯರ್ ಚಾರ್ಜ್ ಬೇರೆ. ಹಾಗೇ ತರಿಸಿದ ಡೆಂಡ್ರೋಬಿಯಂ ಆರ್ಕಿಡ್‌ಗಳು ನಮ್ಮ ಬಾಲ್ಕನಿಯಲ್ಲಿ ಚೆನ್ನಾಗೇ ಇವೆ. ಈ ನೀಲಿ ಗಿಡಕ್ಕೆ ಅಂಥ ಒಬ್ಬ 1,850 ರೂಪಾಯಿ ಹೇಳಿದ. ಬಿಳಿಯದು 700ಕ್ಕೆ ಸಿಗುತ್ತಲ್ಲ ಅಂದರೆ, "ಅಪರೂಪದ ತಳಿ ಮೇಡಂ, ಹೊರದೇಶದಿಂದ ಬರೋದು" ಅಂದ.

ಬಂದಾಗ ನೀಲಿಯೇ ಇತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಪಕ್ಕ ಇಟ್ಟೆ. ಬಂದವರೆಲ್ಲ ಅದರ ಫೋಟೊ ತೆಗೆದುಕೊಂಡರು, ನಾದಿನಿ ನನ್ನ ಹತ್ತಿರ ನಂಬರ್ ಇಸ್ಕೊಂಡು ತಾನೂ ಒಂದು ತರಿಸಿದಳು. ಆಮೇಲೆ ತುದಿಯ ಮೊಗ್ಗುಗಳು ಅರಳಲು ಶುರುವಾದವು. ಮೊದಲನೆಯದು ತಿಳಿ ನೀಲಿ. ಅದರ ಮುಂದಿನದು ಬಿಳಿ. ಶುದ್ಧ ಬಿಳಿ! ಅಷ್ಟರಲ್ಲಿ ನಾದಿನಿಯ ಫೋನ್: "ಅತ್ತಿಗೆ, ನಿಮ್ಮದೂ ಬೆಳ್ಳಗಾಯ್ತಾ?" ಆ ಕ್ಷಣ ನನಗೆ ಹೇಗಾಗಿರಬೇಡ ಹೇಳಿ.

ಹೂವಿನ ದಂಟನ್ನು ಬುಡದಿಂದ ಸರಿಯಾಗಿ ನೋಡಿದ್ದು ಆಗಲೇ. ಎಲೆಯಿಂದ ಸ್ವಲ್ಪ ಮೇಲೆ ಸೂಜಿ ಚುಚ್ಚಿದಂಥ ತೂತು, ಅದರ ಮೇಲೆ ಒಂದು ಚೂರು ಮೇಣ. ಉಗುರಿನಲ್ಲಿ ಕೆರೆದರೆ ಮೇಣ ಎದ್ದು ಬಂತು, ಬೆರಳಿಗೆ ನೀಲಿ ಅಂಟಿತು. ದಂಟಿಗೆ ಬಣ್ಣ ಇಳಿಸುತ್ತಾರೆ, ನೀರಿನ ಜೊತೆ ಅದು ಹೂವಿಗೆ ಏರುತ್ತದೆ, ಅಷ್ಟೇ. ಬಣ್ಣ ಖಾಲಿಯಾದ ಮೇಲೆ ಅರಳಿದ್ದು ಬಿಳಿ, ಮುಂದಿನ ವರ್ಷದ ದಂಟಿನಲ್ಲಿ ಬಿಡುವುದೆಲ್ಲ ಬಿಳಿ.

ಇನ್ನು ಅವನ ಉತ್ತರಗಳು. "ಬೋರ್‌ವೆಲ್ ನೀರು ಹಾಕಿರ್ತೀರಾ ಮೇಡಂ." ಇಲ್ಲ, ಕಾವೇರಿ ನೀರು ಅಂದೆ. "ಹಾಗಾದ್ರೆ ಕ್ಲೋರಿನ್, ಅದಕ್ಕೇ." ಆಮೇಲೆ ಬಿಸಿಲು ಜಾಸ್ತಿ ಅಂದ. ಪೂರ್ವದ ಕಿಟಕಿಯ ಫೋಟೊ ಕಳಿಸಿದೆ, ಎಳೆ ಬಿಸಿಲು ಬಿಟ್ಟರೆ ಅಲ್ಲಿ ಏನೂ ಬೀಳುವುದಿಲ್ಲ. "ಓ, ಹಾಗಾದ್ರೆ ಬಿಸಿಲು ಕಮ್ಮಿ." ನೀಲಿ ವಾಪಸ್ ಬರೋಕೆ ಟಾನಿಕ್ ಇದೆಯಂತೆ, 350 ರೂಪಾಯಿಯಂತೆ! ಮೇಣದ ಫೋಟೊ ಕಳಿಸಿದೆ. ನೀಲಿ ಬಂದಿದ್ದು ಎರಡು ಟಿಕ್ ಮಾತ್ರ, ಉತ್ತರ ಇಲ್ಲ. ಬಿಡದೆ ಕೇಳಿದ್ದಕ್ಕೆ, "ಅನ್‌ಬಾಕ್ಸಿಂಗ್ ವಿಡಿಯೊ ಇದ್ರೆ ಮಾತ್ರ ರಿಫಂಡ್." ವಿಡಿಯೊ ಇತ್ತು, ಕಳಿಸಿದೆ. ಅದನ್ನು ನೋಡಿ ಏನಂದ ಗೊತ್ತಾ? "ನೀಲಿನೇ ಇದೆಯಲ್ಲ ಮೇಡಂ, ನಾವು ಕಳಿಸಿದ್ದು ಸರಿಯಾಗೇ ಇದೆ."

ಸರಿಯಾಗಿದೆಯಂತೆ!

ಬಣ್ಣ ಹಾಳಾಗಿ ಹೋಗಲಿ, ಗಿಡವಾದರೂ ನೆಟ್ಟಗಿತ್ತಾ? ಕುಂಡದಿಂದ ಎತ್ತಿ ನೋಡಿದರೆ ಮಣ್ಣಿನ ಬದಲು ಹಾಕುವ ಪಾಚಿಯನ್ನು (ಮಾಸ್) ಬೇರಿಗೆ ಬಿಗಿಯಾಗಿ ತುರುಕಿದ್ದಾರೆ, ಒಳಗೆ ಒದ್ದೆ ಮುದ್ದೆ. ಒಳ್ಳೆಯ ಬೇರು ಒತ್ತಿದರೆ ಗಟ್ಟಿ, ಒಣಗಿದ್ದಾಗ ಬೆಳ್ಳಿ ಬಣ್ಣ, ನೀರು ಬಿದ್ದರೆ ಹಸಿರು. ಇದನ್ನು ಹಿಡಿದೆಳೆದರೆ ಸಿಪ್ಪೆ ಕೈಗೆ ಬಂತು, ನಡುವಿನ ದಾರ ಮಾತ್ರ ಉಳಿಯಿತು. "ದಿನಾ ನೀರು ಹಾಕಿ" ಅಂತ ಅವನೇ ಹೇಳಿದ್ದು. ನಾನು ಹಾಕಲಿಲ್ಲ, ಪುಣ್ಯಕ್ಕೆ. ಕೊಳೆತದ್ದೆಲ್ಲ ಕತ್ತರಿಸಿ ಇದ್ದಿಲು, ಇಟ್ಟಿಗೆ ಚೂರಿಗೆ ಹಾಕಿದ್ದೇನೆ. ಎರಡೇ ಬೇರು ಉಳಿದಿವೆ.

ನೀಲಿ ಆರ್ಕಿಡ್ ಇಲ್ಲವೇ ಇಲ್ಲ ಅಂತಲ್ಲ. ಈಶಾನ್ಯದ ಬೆಟ್ಟಗಳಲ್ಲಿ ವಾಂಡಾ ಸೆರೂಲಿಯಾ ಇದೆ, ನೀಲಿ-ನೇರಳೆ ಹೂವು, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಗಿಡ. ಆದರೆ ಅದರದ್ದು ಪಟ್ಟಿಯಂಥ ಉದ್ದ ಎಲೆ. ಫೆಲನಾಪ್ಸಿಸ್‌ನ ಅಗಲ ಎಲೆಯ ಮೇಲೆ ಇಂಕಿನ ನೀಲಿ ಕಂಡರೆ ಸುಮ್ನೆ ಮುಂದೆ ಹೋಗಿ. ಬೇರಿನ ಫೋಟೊ, ದಂಟಿನ ಬುಡದ ಫೋಟೊ ಕೇಳಿ. ಕೊಡದಿದ್ದರೆ ದುಡ್ಡು ಹಾಕಬೇಡಿ. ಬಿಳಿ ಬೇಕಾದರೆ ಬಿಳಿ ಅಂತಲೇ 700 ಕೊಟ್ಟು ತನ್ನಿ.

ನಾದಿನಿಯ 1,850 ನಾನೇ ಕೊಟ್ಟೆ. ಬೇಡ ಅತ್ತಿಗೆ ಅಂದಳು, ತಗೊಂಡಳು. ಆತ ಈಗ ಏಳು ಬಣ್ಣದ ಆರ್ಕಿಡ್ ಮಾರುತ್ತಿದ್ದಾನೆ, 2,400 ರೂಪಾಯಿಯಂತೆ, ಸ್ಟಾಕ್ ಕಮ್ಮಿಯಂತೆ.