ಪ್ಲೆಕೊ: ಸಂಕೋಚದಿಂದ ಚೀನೀ ಕಲಿಯುವವರ ಕಿಸೆಯ ನಿಘಂಟು

ಗಲ್ವಾನ್ ಘರ್ಷಣೆಯಾದ 2020ರಿಂದೀಚೆಗೆ "ಚೀನೀ ಯಾಕೆ ಕಲೀತಿದ್ದೀರಿ?" ಅನ್ನೋ ಪ್ರಶ್ನೆ ಮೊದಲಿಗಿಂತ ಚುಚ್ಚುತ್ತದೆ. ಬಸ್ಸಿನಲ್ಲಿ ಚೀನೀ ಪಠ್ಯಪುಸ್ತಕ ತೆರೆಯಲು ಹಿಂಜರಿಯುವವರಿಗೆ ಪ್ಲೆಕೊ ಎಂಬ ಮೊಬೈಲ್ ಆ್ಯಪ್ ನಿಘಂಟು ಹೇಳಿ ಮಾಡಿಸಿದಂತಿದೆ. ಇದನ್ನು ರೂಪಿಸಿದ್ದು ಅಮೆರಿಕದ ಕಂಪನಿ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಪದ ಹುಡುಕಬಹುದು. ಮೂಲ ನಿಘಂಟು ಉಚಿತ. ಕ್ಯಾಮೆರಾದಲ್ಲಿ ಅಕ್ಷರ ಓದಿಸುವ ಸೌಲಭ್ಯದಂಥವಕ್ಕೆ ಒಂದೇ ಸಲ ದುಡ್ಡು ಕೊಟ್ಟರಾಯಿತು.

ರೋಮನ್ ಲಿಪಿಯಲ್ಲಿ ಟೈಪಿಸಿ ಕೊನೆಗೆ 1ರಿಂದ 4ರವರೆಗಿನ ಸ್ವರದ (ಅರ್ಥವನ್ನೇ ಬದಲಿಸುವ ದನಿಯ ಏರಿಳಿತದ) ಅಂಕಿ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. 'ಮಾ'ಗೆ 1 ಹಾಕಿದರೆ ತಾಯಿ, 3 ಹಾಕಿದರೆ ಕುದುರೆ, 4 ಹಾಕಿದರೆ ಬಯ್ಯುವುದು. ಇಮ್ಮಡಿ ಪುಲಕೇಶಿಯ ನಾಡನ್ನು ಬಣ್ಣಿಸಿದ ಹ್ಯೂಯೆನ್ ತ್ಸಾಂಗ್ ಹೆಸರನ್ನು ಮೊದಲು ಹುಡುಕಿ ನೋಡಿ. ಶಾಲೆಯಲ್ಲಿ ಉರು ಹೊಡೆದ ಹೆಸರಿಗೂ ನಿಜವಾದ ಉಚ್ಚಾರಕ್ಕೂ ಇರುವ ದೂರ ತಿಳಿಯುತ್ತದೆ.

ಅರ್ಥವೆಲ್ಲ ಇಂಗ್ಲಿಷಿನಲ್ಲಿರುವುದು ಕೊರತೆಯೇ. ರೋಮನ್ ಅಕ್ಷರ ಇನ್ನೂ ದೊಡ್ಡ ಬಲೆ: 'ಬಿ' ಅಕ್ಷರ ಕಂಡಲ್ಲಿ ನಮ್ಮ 'ಬ' ಹೇಳಬಾರದು, 'ಪ' ಹೇಳಬೇಕು, 'ಪಿ' ಇದ್ದಲ್ಲಿ ಉಸಿರು ತಳ್ಳಿ ಮಹಾಪ್ರಾಣ 'ಫ' (ಇಂಗ್ಲಿಷಿನ 'ಎಫ್' ಅಲ್ಲ). 'ಡಿ' ಇದ್ದಲ್ಲಿ 'ತ', 'ಟಿ' ಇದ್ದಲ್ಲಿ 'ಥ'. ಈ ಭೇದ ವರ್ಣಮಾಲೆಯಲ್ಲೇ ಇರುವುದು ಕನ್ನಡಿಗರ ಭಾಗ್ಯ, ಆದರೆ ಮಾತಿನಲ್ಲಿ ಮಹಾಪ್ರಾಣ ನುಂಗುವ ಅಭ್ಯಾಸ ಬಿಡಬೇಕು. ಮೂರನೇ ಸ್ವರವೇ ಎರಡು ಸಲ ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಸ್ವರವಾಗುತ್ತದೆ. 'ನಿ ಹಾವ್' (ನಮಸ್ಕಾರ) ಹಾಗೆಯೇ. ನಿಘಂಟು ಮಾತ್ರ ಎರಡನ್ನೂ ಮೂರೆಂದೇ ಬರೆಯುತ್ತದೆ. ಅದನ್ನೇ ನಂಬಿ ಹೇಳಿದರೆ ತಪ್ಪು.

ಸಂಕೋಚ ನಿಜವಾಗಿ ಕೆಡಿಸುವುದು ಗಂಟಲನ್ನು. ಮನೆಯವರಿಗೆ ಕೇಳದಿರಲೆಂದು ಪಿಸುಗುಟ್ಟಿದರೆ ಧ್ವನಿತಂತುಗಳು ಕಂಪಿಸುವುದಿಲ್ಲ, ಕಂಪನವಿಲ್ಲದೆ ಶ್ರುತಿ ಏರಿಳಿಯುವುದಿಲ್ಲ, ಏರಿಳಿತವೇ ಚೀನೀ ಸ್ವರ. ಪಿಸುಮಾತಿನಲ್ಲಿ ತಿಂಗಳು ಕಲಿತರೂ ಬಾಯಿಗೆ ಸ್ವರ ಹತ್ತುವುದಿಲ್ಲ. ಪ್ಲೆಕೊ ತಾನು ಹೇಳಿ ತೋರಿಸುತ್ತದೆಯೇ ಹೊರತು ಕಲಿಯುವವರ ಸ್ವರ ತಿದ್ದುವುದಿಲ್ಲ, ಹಾಗಾಗಿ ಒಂದೊಂದೇ ಪದ ಆರಿಸಿಕೊಳ್ಳಿ. ಇಯರ್‌ಫೋನಿನಲ್ಲಿ ಮೂರು ಸಲ ಕೇಳಿ, ಬಾಗಿಲು ಹಾಕಿಕೊಂಡಾದರೂ ಪೂರ್ತಿ ದನಿಯಲ್ಲಿ ಹೇಳಿ, ಫೋನಿನ ರೆಕಾರ್ಡರ್‌ನಲ್ಲಿ ಹಿಡಿದು ಎರಡನ್ನೂ ಒಂದರ ಹಿಂದೊಂದು ಕೇಳಿ. ಮೂರನೇ ಸ್ವರ ಎರಡನೆಯದರಂತೆ ಕೇಳಿಸಿದರೆ ದನಿಯನ್ನು ಇನ್ನೂ ತಗ್ಗಿಸಿ, ಅಲ್ಲೇ ಕೆಳಗೆ ನಿಲ್ಲಿಸಿ.