ಬ್ರಿಟನ್ ಸಂಸತ್ತಿನ ಮಸೂದೆ ಜಾಲತಾಣ: ಪರಿಸರ ಕಾಯ್ದೆಯ ಜಾಡು ಹಿಡಿದು ಒಂದು ವಿಮರ್ಶೆ

ಬ್ರಿಟನ್ನಿನ ಸಂಸತ್ತು ತನ್ನ ಮುಂದೆ ಬರುವ ಪ್ರತಿಯೊಂದು ಮಸೂದೆಗೂ ಜಾಲತಾಣದಲ್ಲಿ ಒಂದು ಪುಟವನ್ನು ಮೀಸಲಿಡುತ್ತದೆ. ಮಸೂದೆ ಯಾವ ಸದನದಲ್ಲಿದೆ, ಎಷ್ಟನೇ ವಾಚನಕ್ಕೆ ಬಂದಿದೆ, ಸಮಿತಿ ಅದನ್ನು ಎಂದು ಪರಿಶೀಲಿಸಿತು, ಯಾರು ಯಾವ ತಿದ್ದುಪಡಿ ಸೂಚಿಸಿದರು ಎಂಬುದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ, ಹೆಸರು ನೋಂದಾಯಿಸದೆ ನೋಡಬಹುದು. ಇದೊಂದು ಸಾರ್ವಜನಿಕ ಸೇವೆ. ಆದ್ದರಿಂದ ಇದನ್ನು ಸೇವೆಯೆಂದೇ ಪರಿಗಣಿಸಿ, ಬಳಕೆದಾರನಿಗೆ ಎಷ್ಟು ಉಪಯುಕ್ತ ಎಂದು ಅಳೆಯುವುದು ನ್ಯಾಯ. ಅಳೆಯಲು ನಾನು ಆರಿಸಿಕೊಂಡದ್ದು 2021ರ ಪರಿಸರ ಕಾಯ್ದೆಯನ್ನು. ಜೀವವೈವಿಧ್ಯಕ್ಕೆ ಕಾನೂನಿನ ಬಲವುಳ್ಳ ಗುರಿಗಳನ್ನು ನಿಗದಿಪಡಿಸಲು ಹೊರಟ ಈ ಮಸೂದೆ ಸುದೀರ್ಘವಾದದ್ದು, ಜಟಿಲವಾದದ್ದು, ಮತ್ತು ಸಂಸತ್ತಿನೊಳಗೆ ಅಸಾಧಾರಣವಾದಷ್ಟು ಕಾಲ ಕಳೆದದ್ದು. ಸೇವೆಯ ಶಕ್ತಿ, ದೌರ್ಬಲ್ಯ ಎರಡೂ ಇಂಥದ್ದರಲ್ಲಿ ಚೆನ್ನಾಗಿ ಹೊರಬೀಳುತ್ತವೆ.

ಮೊದಲು ಕಾಲಕ್ರಮ. ಮಸೂದೆ 2019ರ ಅಕ್ಟೋಬರ್‌ನಲ್ಲಿ ಒಮ್ಮೆ ಮಂಡನೆಯಾಗಿ, ಚುನಾವಣೆಗಾಗಿ ಸಂಸತ್ತು ವಿಸರ್ಜನೆಯಾದಾಗ ಬಿದ್ದುಹೋಯಿತು. 2020ರ ಜನವರಿ 30ರಂದು ಮತ್ತೆ ಮಂಡನೆಯಾಯಿತು. ಮಾರ್ಚ್‌ನಲ್ಲಿ ಸಮಿತಿ ಸಾಕ್ಷ್ಯ ಕೇಳಲು ತೊಡಗಿದ ಬೆನ್ನಿಗೇ ಕೊರೋನಾದಿಂದ ಕಲಾಪ ನಿಂತು, ನವೆಂಬರ್‌ನಲ್ಲಿ ಮುಂದುವರಿಯಿತು. ಒಂದು ಅಧಿವೇಶನದಿಂದ ಮುಂದಿನ ಅಧಿವೇಶನಕ್ಕೆ ದಾಟಿ, ಕಡೆಗೆ 2021ರ ನವೆಂಬರ್ 9ರಂದು ರಾಜಾಂಕಿತ ಪಡೆಯಿತು. ಇಷ್ಟು ಮುರಿದುಮುರಿದು ಸಾಗಿದ ಪ್ರಯಾಣವನ್ನು ಪುಟ ಹಂತಹಂತವಾಗಿ, ದಿನಾಂಕಸಹಿತ ಜೋಡಿಸಿ ತೋರಿಸುತ್ತದೆ. ಮಂಡನೆಯಾದ ರೂಪದಿಂದ ಕೊನೆಯ ಪಾಠದವರೆಗೆ ಮಸೂದೆಯ ಎಲ್ಲ ರೂಪಗಳೂ, ಅವುಗಳ ಜೊತೆಗೆ ವಿವರಣಾ ಟಿಪ್ಪಣಿಗಳೂ ಇಲ್ಲಿ ಸಿಗುತ್ತವೆ. ಈ ಟಿಪ್ಪಣಿಗಳನ್ನು ಯಾರೂ ಕಡೆಗಣಿಸಬಾರದು. ಮಸೂದೆಯ ಭಾಷೆ ವಕೀಲರಿಗಾಗಿ ಇರುವಂಥದ್ದು. ಕಲಮಿನ ಉದ್ದೇಶವೇನೆಂಬುದು ಟಿಪ್ಪಣಿಯಲ್ಲಿ ಮಾತ್ರ ಸಾಮಾನ್ಯ ಓದುಗನ ಕೈಗೆ ಎಟುಕುತ್ತದೆ.

ಸೇವೆಯ ನಿಜವಾದ ಬೆಲೆ ತಿಳಿಯುವುದು ತಿದ್ದುಪಡಿಗಳ ವಿಭಾಗದಲ್ಲಿ. 2030ರ ವೇಳೆಗೆ ವನ್ಯಪ್ರಭೇದಗಳ ಸಂಖ್ಯಾಸಮೃದ್ಧಿಯ ಕುಸಿತಕ್ಕೆ ಸಂಬಂಧಿಸಿದ ಗುರಿಯೊಂದನ್ನು ಸರ್ಕಾರ ತಾನೇ ತಿದ್ದುಪಡಿಯ ಮೂಲಕ ಮಸೂದೆಗೆ ಸೇರಿಸಿತು. ಆದರೆ ಅದರ ಆರಂಭಿಕ ರೂಪದಲ್ಲಿ ಗುರಿಯು ಕುಸಿತವನ್ನು ತಡೆಯುವ ಉದ್ದೇಶಕ್ಕೆ ಪೂರಕವಾಗಿದ್ದರೆ ಸಾಕಿತ್ತು. ಪ್ರಯತ್ನಪಟ್ಟೆವು ಎಂದು ಹೇಳಿ ಕೈತೊಳೆದುಕೊಳ್ಳಲು ಇಷ್ಟು ಅವಕಾಶ ಯಾವ ಸಚಿವರಿಗಾದರೂ ಸಾಕು. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯರು ಈ ಸಡಿಲವನ್ನು ಹಿಡಿದರು. ಕೊನೆಗೆ ಕಾಯ್ದೆಯಲ್ಲಿ ಉಳಿದದ್ದು, ಗುರಿ ಈಡೇರಿದರೆ ಕುಸಿತ ನಿಲ್ಲುತ್ತದೆ ಎಂದು ಸಚಿವರಿಗೆ ಮನವರಿಕೆಯಾಗಿರಬೇಕು ಎಂಬ ಬಿಗಿಯಾದ ಷರತ್ತು. ಮಸೂದೆಯ ಬೇರೆ ಬೇರೆ ಪಾಠಗಳನ್ನು ಎದುರುಬದುರು ಇಟ್ಟುಕೊಂಡು ಓದಿದವರಿಗೆ, ಪರಿಶೀಲನೆಯಿಂದ ಕಾನೂನು ಹೇಗೆ ಬದಲಾಗುತ್ತದೆ ಎಂಬುದು ಯಾವ ಪಠ್ಯಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಎದುರುಬದುರು ಇಟ್ಟುಕೊಳ್ಳುವ ಕೆಲಸವನ್ನು ಮಾತ್ರ ಓದುಗನೇ ಮಾಡಬೇಕು. ತಿದ್ದುಪಡಿ ಪಟ್ಟಿಗಳು ಇಂದಿಗೂ ಇಂಥ ಕಲಮು, ಇಂಥ ಪುಟ, ಇಂಥ ಸಾಲು, ಇದನ್ನು ಕೈಬಿಟ್ಟು ಅದನ್ನು ಸೇರಿಸಿ ಎಂಬ ಹಳೆಯ ಕ್ರಮದಲ್ಲೇ ಇರುತ್ತವೆ. ಸರಿಯಾದ ಪಾಠ ಪಕ್ಕದಲ್ಲಿ ತೆರೆದಿರದಿದ್ದರೆ ಈ ಪಟ್ಟಿಯಿಂದ ಏನೂ ತಿಳಿಯದು. ಸದನದ ಗುಮಾಸ್ತರಿಗೂ ಕರಡು ಬರೆಯುವವರಿಗೂ ಈ ಕ್ರಮ ಅನುಕೂಲವೇ ಇರಬಹುದು. ಕೆರೆ, ಕಾಡು, ಹಕ್ಕಿಗಳ ಬಗ್ಗೆ ಕಾಳಜಿಯಿಂದ ಬಂದ ನಾಗರಿಕನಿಗಲ್ಲ.

ಮತವಿಭಜನೆಯ ದಾಖಲೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮಳೆನೀರಿನ ಒತ್ತಡ ಹೆಚ್ಚಾದಾಗ ಸಂಸ್ಕರಿಸದ ಕೊಳಚೆಯನ್ನು ನದಿಗೆ ಬಿಡುವ ನೀರು ಕಂಪನಿಗಳ ಪದ್ಧತಿಗೆ ಕಡಿವಾಣ ಹಾಕಲು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಲಾರ್ಡ್ಸ್‌ನಲ್ಲಿ ಒಂದು ತಿದ್ದುಪಡಿ ತಂದಿದ್ದರು. 2021ರ ಅಕ್ಟೋಬರ್ 20ರಂದು ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಅದನ್ನು 265ಕ್ಕೆ 202 ಮತಗಳಿಂದ ತಿರಸ್ಕರಿಸಿತು. ಯಾವ ಸದಸ್ಯ ಯಾವ ಕಡೆ ಮತ ಹಾಕಿದ ಎಂಬ ಪಟ್ಟಿ ಎಲ್ಲರಿಗೂ ತೆರೆದೇ ಇದ್ದುದರಿಂದ ಅದು ಸಾಮಾಜಿಕ ಮಾಧ್ಯಮಗಳಲ್ಲಿ ಕಾಳ್ಗಿಚ್ಚಿನಂತೆ ಹರಡಿತು. ಮತದಾರರು ತಮ್ಮ ತಮ್ಮ ಪ್ರತಿನಿಧಿಗಳನ್ನು ಹೆಸರು ಹಿಡಿದು ಪ್ರಶ್ನಿಸಿದರು. ಮೂರು ವಾರ ತುಂಬುವ ಮೊದಲೇ ಸರ್ಕಾರ, ಕೊಳಚೆ ವಿಸರ್ಜನೆಯ ದುಷ್ಪರಿಣಾಮವನ್ನು ಹಂತಹಂತವಾಗಿ ತಗ್ಗಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸುವ ತನ್ನದೇ ತಿದ್ದುಪಡಿಯನ್ನು ತಂದಿತು. ಡ್ಯೂಕ್ ಅವರು ಬಯಸಿದಷ್ಟು ಖಡಾಖಂಡಿತವಾದ ಹೊಣೆ ಇದಲ್ಲ. ಆದರೂ ದಾಖಲೆ ಕೈಗೆಟುಕುವಂತಿದ್ದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಚರ್ಚೆಯ ಅಧಿಕೃತ ವರದಿಯಾದ ಹ್ಯಾನ್ಸಾರ್ಡ್ ಕೂಡ ಭಾಷಣ ಮುಗಿದ ಕೆಲವೇ ಗಂಟೆಗಳಲ್ಲಿ ಪ್ರಕಟವಾಗುತ್ತದೆ. ಅದರ ಹುಡುಕಾಟದ ಸೌಲಭ್ಯವೂ ಚೆನ್ನಾಗಿದೆ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಮಸೂದೆಯ ಪುಟ ರಾಜಾಂಕಿತದೊಂದಿಗೆ ಮುಗಿದುಹೋಗುತ್ತದೆ, ಜೀವವೈವಿಧ್ಯದ ಗುರಿಗಳ ಕಥೆಯಾದರೋ ಅಲ್ಲಿಂದಲೇ ಶುರುವಾಗುತ್ತದೆ. ಗಾಳಿ, ನೀರು, ಜೀವವೈವಿಧ್ಯ, ಸಂಪನ್ಮೂಲ ಬಳಕೆ ಮತ್ತು ತ್ಯಾಜ್ಯ ಎಂಬ ನಾಲ್ಕು ಕ್ಷೇತ್ರಗಳಲ್ಲಿ ದೀರ್ಘಾವಧಿ ಗುರಿಗಳನ್ನು ನಿಗದಿಮಾಡಬೇಕೆಂದು ಕಾಯ್ದೆ ಹೇಳುತ್ತದೆಯೇ ಹೊರತು, ಗುರಿ ಎಷ್ಟಿರಬೇಕೆಂದು ಹೇಳುವುದಿಲ್ಲ. ಅಂಕಿಗಳನ್ನು ಸಚಿವರು ನಿಯಮಾವಳಿಗಳ ಮೂಲಕ ತರುತ್ತಾರೆ. ಅವುಗಳ ಕರಡನ್ನು 2022ರ ಅಕ್ಟೋಬರ್ 31ರೊಳಗೆ ಸಂಸತ್ತಿನ ಮುಂದಿಡಬೇಕೆಂದು ಕಾಯ್ದೆಯೇ ವಿಧಿಸಿತ್ತು. ಸರ್ಕಾರ ಆ ಗಡುವನ್ನು ಮೀರಿತು. ಗುರಿಗಳು ಹೊರಬಂದದ್ದು ಡಿಸೆಂಬರ್‌ನಲ್ಲಿ. ಇಂಗ್ಲೆಂಡಿನಲ್ಲಿ 2042ರ ಕೊನೆಗೆ ಪ್ರಭೇದಗಳ ಸಮೃದ್ಧಿ 2030ರ ಮಟ್ಟಕ್ಕಿಂತ ಕನಿಷ್ಠ ಶೇ. 10ರಷ್ಟು ಹೆಚ್ಚಿರಬೇಕು, 2022ರ ಮಟ್ಟಕ್ಕಿಂತಲೂ ಹೆಚ್ಚಿರಬೇಕು. 2042ರೊಳಗೆ ಸಂರಕ್ಷಿತ ತಾಣಗಳ ಹೊರಗೆ 5 ಲಕ್ಷ ಹೆಕ್ಟೇರಿಗೂ ಮೀರಿದ ವನ್ಯಜೀವಿ ಆವಾಸವನ್ನು ಪುನಃಸ್ಥಾಪಿಸಬೇಕು ಅಥವಾ ಹೊಸದಾಗಿ ರೂಪಿಸಬೇಕು. ಇವೆಲ್ಲ 2023ರ ನಿಯಮಾವಳಿಯಲ್ಲಿವೆ, ಕಾಯ್ದೆಯಲ್ಲಲ್ಲ.

2022ರ ಮಟ್ಟಕ್ಕಿಂತಲೂ ಹೆಚ್ಚಿರಬೇಕು ಎಂಬ ಷರತ್ತನ್ನು ಸ್ವಲ್ಪ ನಿಂತು ನೋಡಬೇಕು. 2030ರವರೆಗೂ ಪ್ರಭೇದಗಳು ಕುಸಿಯುತ್ತಲೇ ಹೋಗಿ, ಆ ತಗ್ಗಿದ ಮಟ್ಟದಿಂದ ಶೇ. 10 ಏರಿದರೆ, 2022ರಲ್ಲಿದ್ದುದಕ್ಕಿಂತ ಕಡಿಮೆ ಪ್ರಾಣಿಪಕ್ಷಿಗಳನ್ನು ಇಟ್ಟುಕೊಂಡೇ ಗುರಿ ಮುಟ್ಟಿದೆವೆಂದು ಘೋಷಿಸಬಹುದಿತ್ತು. 2022ರ ಹೋಲಿಕೆ ಆ ಬಾಗಿಲನ್ನು ಮುಚ್ಚುತ್ತದೆ. ಕಾಯ್ದೆಯ ಒಟ್ಟು ಫಲ ನಿಂತಿರುವುದು ಇಂಥ ವಿವರಗಳ ಮೇಲೆ, ಮತ್ತು ಪರಿಶೀಲನೆ ಅತ್ಯಂತ ತೆಳುವಾಗುವುದೂ ಇಲ್ಲಿಯೇ. ನಿಯಮಾವಳಿಯನ್ನು ಉಭಯ ಸದನಗಳು ಅನುಮೋದಿಸಬೇಕು ನಿಜ. ಆದರೆ ಒಪ್ಪಬಹುದು ಅಥವಾ ತಿರಸ್ಕರಿಸಬಹುದು, ಒಂದು ಅಂಕಿಯನ್ನೂ ತಿದ್ದುವಂತಿಲ್ಲ. ಕಾಮನ್ಸ್‌ನಲ್ಲಿ ಇಂಥವು ಸಾಮಾನ್ಯವಾಗಿ ಒಂದು ಸಣ್ಣ ಸಮಿತಿಗೆ ಹೋಗುತ್ತವೆ, ಅಲ್ಲಿ ಚರ್ಚೆಗೆ ಇರುವ ಗರಿಷ್ಠ ಅವಧಿ ಸಾಮಾನ್ಯವಾಗಿ ಒಂದೂವರೆ ಗಂಟೆ. ಎರಡು ವರ್ಷ ಸಾಲುಸಾಲಾಗಿ ಜಾಲಾಡಿದ ಕಾಯ್ದೆಯ ತಿರುಳು ಕಡೆಗೆ ಒಂದು ಬೆಳಗಿನ ಬೈಠಕ್ಕಿನಲ್ಲಿ ಮುಗಿದುಹೋಗಬಲ್ಲದು.

ಇದು ಸಂಸತ್ತಿನ ಕಾರ್ಯವಿಧಾನದ ದೋಷ, ಜಾಲತಾಣದ್ದಲ್ಲ ಎಂದು ವಾದಿಸಬಹುದು, ಅರ್ಧದಷ್ಟು ಒಪ್ಪುತ್ತೇನೆ. ಉಳಿದರ್ಧ ಜಾಲತಾಣದ್ದೇ. ಕಾಯ್ದೆಯಡಿ ಸಚಿವರು ರೂಪಿಸುವ ಇಂಥ ನಿಯಮಾವಳಿಗಳಿಗೆ, ಅಂದರೆ ಅಧೀನ ಶಾಸನಗಳಿಗೆ, ಸಂಸತ್ತು ಬೇರೊಂದು ತಾಣವನ್ನೇ ಇಟ್ಟಿದೆ. ಮಸೂದೆಯನ್ನು ಆರಂಭದಿಂದ ಅನುಸರಿಸಿದವನಿಗೆ ಅದರಡಿ ಹುಟ್ಟಿದ ನಿಯಮಾವಳಿಗಳು ಅದೇ ಹಾದಿಯಲ್ಲಿ ಎದುರಾಗುವುದಿಲ್ಲ; ಅವುಗಳನ್ನು ಹುಡುಕಬೇಕೆಂಬುದು ಮೊದಲೇ ತಿಳಿದಿರಬೇಕು. ಇನ್ನೊಂದು ತುದಿಯಲ್ಲೂ ಇದೇ ಕತೆ. 2018ರ ಡಿಸೆಂಬರ್‌ನಲ್ಲಿ ಪ್ರಕಟವಾದ ಕರಡು ಮಸೂದೆಯನ್ನು ಕಾಮನ್ಸ್‌ನ ಎರಡು ಸಮಿತಿಗಳು ಪರಿಶೀಲಿಸಿ, ಪ್ರಸ್ತಾಪಿತ ಪರಿಸರ ಕಾವಲು ಸಂಸ್ಥೆಗೆ ಸರ್ಕಾರದಿಂದ ಸಾಕಷ್ಟು ಸ್ವಾತಂತ್ರ್ಯವಿಲ್ಲವೆಂದು ಎಚ್ಚರಿಸಿದ್ದವು. ಲಾರ್ಡ್ಸ್‌ನಲ್ಲಿ ಆ ಸಂಸ್ಥೆಯ ಬಗ್ಗೆ ನಡೆದ ವಾಗ್ವಾದದ ಬೇರು ಈ ವರದಿಗಳಲ್ಲಿದೆ, ವರದಿಗಳಿರುವುದು ಸಮಿತಿಗಳ ಪುಟಗಳಲ್ಲಿ.

ಎಡಿನ್‌ಬರೋದ ಸ್ಕಾಟ್ಲೆಂಡ್ ಸಂಸತ್ತಿನ ತಾಣವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. 2025ರ ಫೆಬ್ರವರಿಯಲ್ಲಿ ಅಲ್ಲಿ ಮಂಡನೆಯಾದ ನೈಸರ್ಗಿಕ ಪರಿಸರ ಮಸೂದೆಯೂ ಜೀವವೈವಿಧ್ಯ ಸುಧಾರಣೆಯ ಗುರಿಗಳನ್ನೇ ಕುರಿತದ್ದು. ಜಿಂಕೆಗಳ ನಿರ್ವಹಣೆ, ರಾಷ್ಟ್ರೀಯ ಉದ್ಯಾನಗಳ ವಿಷಯವೂ ಅದರಲ್ಲಿತ್ತು. ಆ ತಾಣ ಮಸೂದೆಯ ಸಾರವನ್ನು, ಅದನ್ನು ಏಕೆ ತರಲಾಯಿತು ಎಂಬುದನ್ನು ಸರಳ ಭಾಷೆಯಲ್ಲಿ ಮೊದಲೇ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಚಿವರಿಗೆ ಯಾವ ಯಾವ ನಿಯಮ ರಚನಾಧಿಕಾರ ಕೊಡಲಾಗುತ್ತಿದೆ, ಏಕೆ ಎಂದು ವಿವರಿಸುವ ಪ್ರತ್ಯೇಕ ದಾಖಲೆಯನ್ನು ಮಸೂದೆಯ ಪಕ್ಕದಲ್ಲೇ ಇಡುತ್ತದೆ. ಗುರಿಯ ಅಂಕಿ ಮುಂದೆ ಬೇರೆಡೆ ಬರಲಿದೆ ಎಂಬ ಸುಳಿವು ಓದುಗನಿಗೆ ಮೊದಲ ದಿನವೇ ಸಿಗುತ್ತದೆ. ಲಂಡನ್ನಿನಲ್ಲೂ ಇಂಥ ದಾಖಲೆ ಸಿದ್ಧವಾಗುತ್ತದೆ, ಆದರೆ ಅದರ ಮಹತ್ವವನ್ನು ಹೊಸ ಓದುಗನಿಗೆ ಯಾರೂ ಹೇಳಿಕೊಡುವುದಿಲ್ಲ.

ಕಾನೂನು ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ, ಪರಿಸರ ಸಂಘಟನೆಗಳಿಗೆ ಈ ಸೇವೆಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಹೊಸಬರು ಹೌಸ್ ಆಫ್ ಕಾಮನ್ಸ್ ಗ್ರಂಥಾಲಯದ ಟಿಪ್ಪಣಿಯನ್ನು ಮೊದಲು ಓದಿ ಬರಲಿ. ಅದು ಉಚಿತ, ಪಕ್ಷಪಾತವಿಲ್ಲದ್ದು, ಮತ್ತು ಮಸೂದೆಯ ಪುಟಕ್ಕಿಂತ ಎಷ್ಟೋ ಸುಲಭವಾಗಿ ಅರ್ಥವಾಗುವಂಥದ್ದು. ಗುರಿಗಳ ಬಗ್ಗೆ ಆಸಕ್ತಿಯಿದ್ದವರು ಅಧೀನ ಶಾಸನಗಳ ತಾಣದ ಮೇಲೂ ಕಣ್ಣಿಟ್ಟಿರಬೇಕು. ಗುರಿಗಳು ಪರಿಸರದಲ್ಲಿ ಗಣನೀಯ ಸುಧಾರಣೆ ತರುವಷ್ಟಿವೆಯೇ ಎಂದು ಸರ್ಕಾರ ಕನಿಷ್ಠ 5 ವರ್ಷಕ್ಕೊಮ್ಮೆ ಪುನರ್ವಿಮರ್ಶೆ ಮಾಡಿ ಸಂಸತ್ತಿಗೆ ವರದಿ ಒಪ್ಪಿಸಬೇಕೆಂದು ಕಾಯ್ದೆ ಕಡ್ಡಾಯಗೊಳಿಸಿದೆ. ಗುರಿಗಳು ಬದಲಾಗುವುದಾದರೆ ಅದು ಹೊಸ ನಿಯಮಾವಳಿಯ ಮೂಲಕವೇ ಬರುತ್ತದೆ.